ಅಲೆ ಸೋಸುವ ಇಂಗಾಲದ ಕೊಳವೆ

ಮೊಬೈಲ್ ಫೋನಿನ ಆಂಟೆನಾಕ್ಕೆ ತನ್ನ ಮೇಲೆ ಬೀಳುವ ಅಲೆಗಳಲ್ಲಿ ಇದು ಬೇಕು, ಇದು ಬೇಡ ಎಂದು ವಿಂಗಡಿಸುವ ಶಕ್ತಿ ಬಹಳ ಕಡಿಮೆ. ದೂರದ ಟವರಿನಿಂದ ಬರುವ ಕ್ಷೀಣ ಸಂಕೇತ, ಪಕ್ಕದ ಮನೆಯ ವೈ-ಫೈ, ಅದೇ ಮೇಜಿನ ಮೇಲಿರುವ ಬ್ಲೂಟೂತ್ ಇಯರ್‌ಫೋನು, ಅಡುಗೆಮನೆಯ ಮಿಕ್ಸಿಯ ಮೋಟಾರಿನಿಂದ ಚಿಮ್ಮುವ ವಿದ್ಯುತ್ ಗದ್ದಲ ಇವೆಲ್ಲವೂ ಅದರೊಳಗೆ ಒಟ್ಟಿಗೇ ಇಳಿಯುತ್ತವೆ. ಈ ಕಲಬೆರಕೆಯಲ್ಲಿ ನಿಜವಾಗಿ ಬೇಕಾದ ಸಂಕೇತವು ಅಕ್ಕಪಕ್ಕದ ಸಂಕೇತಗಳಿಗಿಂತ ಸಾವಿರಾರು ಪಟ್ಟು ದುರ್ಬಲವಾಗಿರುವುದು ಅಪರೂಪವೇನಲ್ಲ. ಹೀಗಿದ್ದೂ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಎಂದರೆ ಅದಕ್ಕೆ ಒಂದು ಮುಖ್ಯ ಕಾರಣ, ಯಾರ ಕಣ್ಣಿಗೂ ಬೀಳದೆ ಚಿಪ್ಪಿನ ಮೂಲೆಯಲ್ಲಿ ಸದಾ ಕೆಲಸ ಮಾಡುವ ಫಿಲ್ಟರ್ ಎಂಬ ಸೋಸುವ ಮಂಡಲ. ಕಾಫಿಯ ಫಿಲ್ಟರು ಕಣದ ಗಾತ್ರವನ್ನು ನೋಡಿ ಗಸಿಯನ್ನು ತಡೆಹಿಡಿದರೆ, ಈ ಫಿಲ್ಟರು ಅಲೆಯ ಆವೃತ್ತಿಯನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು ನೋಡಿ ಒಂದನ್ನು ಬಿಡುತ್ತದೆ, ಇನ್ನೊಂದನ್ನು ತಡೆಯುತ್ತದೆ. ಬೆಂಗಳೂರಿನಲ್ಲಿ 101.3 ಮೆಗಾಹರ್ಟ್ಸ್‌ನ ಕನ್ನಡ ಕಾಮನಬಿಲ್ಲನ್ನು ಕೇಳುತ್ತಿರುವವರಿಗೆ 102.9ರ ವಿವಿಧ ಭಾರತಿ ಅಡ್ಡ ಬರದಿರುವುದು ಇಂಥದೇ ಸೋಸುವಿಕೆಯಿಂದ.

ಇಂದಿನ ನಿಸ್ತಂತು ಸಾಧನಗಳಲ್ಲಿ ಈ ಕೆಲಸ ಹಲವು ಹಂತಗಳಲ್ಲಿ ನಡೆಯುತ್ತದೆ. ಆಂಟೆನಾದ ಬೆನ್ನಿಗೇ ಇರುವ ಮೊದಲ ಫಿಲ್ಟರು ಸ್ಫಟಿಕದ ಮೇಲೆ ಹರಿಯುವ ಸೂಕ್ಷ್ಮ ಯಾಂತ್ರಿಕ ಕಂಪನಗಳನ್ನು ಬಳಸಿಕೊಂಡು ಒಂದು ಅಗಲವಾದ ಪಟ್ಟಿಯನ್ನಷ್ಟೇ ಒಳಗೆ ಬಿಡುತ್ತದೆ; ಬಳಿಕ ಒಂದು ವರ್ಧಕವು ಸಂಕೇತವನ್ನು ಬಲಪಡಿಸಿದರೆ, ಮಿಕ್ಸರ್ ಎಂಬ ಮಂಡಲವು ಅದನ್ನು 2,400 ಮೆಗಾಹರ್ಟ್ಸ್‌ನಂಥ ಎತ್ತರದಿಂದ ಕೆಲವೇ ಮೆಗಾಹರ್ಟ್ಸ್‌ಗೆ ಇಳಿಸುತ್ತದೆ; ಅಲ್ಲಿ, ಆ ಇಳಿದ ನೆಲೆಯಲ್ಲಿ, ಟ್ರಾನ್ಸಿಸ್ಟರುಗಳಿಂದ ಕಟ್ಟಿದ ಅನಲಾಗ್ ಫಿಲ್ಟರು ಬೇಕಾದ ಒಂದೇ ಒಂದು ವಾಹಿನಿಯನ್ನು ಆರಿಸಿಕೊಳ್ಳುತ್ತದೆ. ಕಡಿಮೆ ಶಕ್ತಿಯ ಬ್ಲೂಟೂತ್‌ನಲ್ಲಿ ಇಂಥ ವಾಹಿನಿಗಳು 40, ಒಂದೊಂದರ ನಡುವಿನ ಅಂತರ 2 ಮೆಗಾಹರ್ಟ್ಸ್. ಅನಲಾಗ್ ಎಂದರೆ ಸಂಕೇತವನ್ನು ಸೊನ್ನೆ ಮತ್ತು ಒಂದುಗಳಾಗಿ ಒಡೆಯದೆ, ಏರಿಳಿಯುವ ವೋಲ್ಟೇಜಾಗಿಯೇ ನಡೆಸಿಕೊಳ್ಳುವ ವಿಧಾನ. ಎಲ್ಲವನ್ನೂ ಮೊದಲು ಅಂಕಿಗಳಾಗಿ ಪರಿವರ್ತಿಸಿ ಆಮೇಲೆ ಲೆಕ್ಕದಿಂದಲೇ ಸೋಸಬಹುದಲ್ಲ ಎಂಬ ಪ್ರಶ್ನೆ ಸಹಜ. ಆದರೆ ಪಕ್ಕದ ವಾಹಿನಿಯ ಅಬ್ಬರವನ್ನು ಮೊದಲೇ ತಗ್ಗಿಸದಿದ್ದರೆ ಅಂಕಿಗೆ ಪರಿವರ್ತಿಸುವ ಮಂಡಲವು ಆ ಅಬ್ಬರವನ್ನೂ ಅದರೊಳಗಿನ ಪಿಸುಮಾತನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕಾಗುತ್ತದೆ, ಅಷ್ಟು ಸೂಕ್ಷ್ಮವಾದ ಅಳತೆಗೋಲಿಗೆ ಬ್ಯಾಟರಿ ತೆರಬೇಕಾದ ಬೆಲೆ ಫಿಲ್ಟರಿಗೆ ತೆರುವುದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಡಿಜಿಟಲ್ ಯುಗವು ಎಷ್ಟೇ ಮುಂದುವರಿದರೂ ಅದರ ಹೊಸ್ತಿಲಲ್ಲಿ ಅನಲಾಗ್ ಫಿಲ್ಟರು ಕಾವಲಿಗೆ ನಿಂತೇ ಇದೆ.

ಫಿಲ್ಟರಿನ ಶಾಸ್ತ್ರಕ್ಕೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಒಂದೇ ದೂರವಾಣಿ ತಂತಿಯಲ್ಲಿ ಹಲವರ ಮಾತನ್ನು ಬೆರಸದೆ ಸಾಗಿಸಬೇಕೆಂಬ ಅಗತ್ಯದಿಂದ, 1915ರಲ್ಲಿ ಅಮೆರಿಕದ ಜಾರ್ಜ್ ಕ್ಯಾಂಪ್‌ಬೆಲ್ ಮತ್ತು ಜರ್ಮನಿಯ ಕಾರ್ಲ್ ವಿಲ್ಲಿ ವಾಗ್ನರ್ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ತಾಮ್ರದ ಸುರುಳಿ ಮತ್ತು ಕೆಪಾಸಿಟರುಗಳನ್ನು ಸಾಲಾಗಿ ಜೋಡಿಸಿದರೆ ಅಲೆಗಳನ್ನು ಸೋಸಬಹುದೆಂದು ತೋರಿಸಿದರು. ಕೆಪಾಸಿಟರು ವಿದ್ಯುದಂಶವನ್ನು ಕೂಡಿಟ್ಟುಕೊಳ್ಳುವ ಪುಟ್ಟ ಪಾತ್ರೆ. ಸುರುಳಿ, ಅಂದರೆ ಇಂಡಕ್ಟರು, ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಜಡತ್ವ. ಪಾತ್ರೆ ಮತ್ತು ಜಡತ್ವ ಕೂಡಿದಾಗ ಉಯ್ಯಾಲೆಯಂತೆ ತನ್ನದೇ ಆದ ಒಂದು ಲಯ ಹುಟ್ಟುತ್ತದೆ, ಆ ಲಯಕ್ಕೆ ಹೊಂದುವ ಅಲೆ ದಾಟುತ್ತದೆ, ಹೊಂದದ್ದು ಅಡಗುತ್ತದೆ. ತೊಂದರೆ ಬಂದದ್ದು ಈ ವಿದ್ಯೆಯನ್ನು ಚಿಪ್ಪಿನೊಳಗೆ ತರುವಾಗ. ಸಿಲಿಕಾನ್ ಚಿಪ್ಪಿನ ಮೇಲೆ ಸುತ್ತಬಹುದಾದ ಚಪ್ಪಟೆ ಸುರುಳಿಯ ಬೆಲೆ ಕೆಲವು ನ್ಯಾನೊಹೆನ್ರಿ. ಒಂದು ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸೋಸಲು ಬೇಕಾಗುವುದು ಅದರ ಸಾವಿರಾರು ಪಟ್ಟು.

ಈ ಇಕ್ಕಟ್ಟಿನಿಂದ ಪಾರುಮಾಡಿದ ಉಪಾಯವನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ. ವೋಲ್ಟೇಜನ್ನು ಒಳಗೆ ಕೊಟ್ಟರೆ ಅದಕ್ಕೆ ತಕ್ಕ ಪ್ರಮಾಣದ ಪ್ರವಾಹವನ್ನು ಹೊರಗೆ ಕೊಡುವ ಮಂಡಲಕ್ಕೆ ಟ್ರಾನ್ಸ್‌ಕಂಡಕ್ಟರ್ ಎಂದು ಹೆಸರು. ಒಂದು ವೋಲ್ಟಿಗೆ ಎಷ್ಟು ಪ್ರವಾಹ ಎಂಬ ಅನುಪಾತವನ್ನು ಸೀಮೆನ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೆದರ್ಲೆಂಡ್ಸಿನ ಬರ್ನಾರ್ಡ್ ಟೆಲೆಗೆನ್ 1948ರಲ್ಲಿ ಮುಂದಿಟ್ಟ ಗೈರೇಟರ್ ಎಂಬ ಪರಿಕಲ್ಪನೆಯ ಪ್ರಕಾರ, ಇಂಥ ಎರಡು ಟ್ರಾನ್ಸ್‌ಕಂಡಕ್ಟರುಗಳನ್ನು ಒಂದರ ಬಾಲ ಇನ್ನೊಂದರ ತಲೆಗೆ ಬರುವಂತೆ ಜೋಡಿಸಿ ನಡುವೆ ಕೆಪಾಸಿಟರನ್ನು ಇಟ್ಟರೆ, ಹೊರಗಿನಿಂದ ನೋಡುವವರಿಗೆ ಆ ಇಡೀ ಜೋಡಣೆ ಸುರುಳಿಯಂತೆಯೇ ವರ್ತಿಸುತ್ತದೆ. ಕೆಪಾಸಿಟರಿನ ಬೆಲೆಯನ್ನು ಅನುಪಾತದ ವರ್ಗದಿಂದ ಭಾಗಿಸಿದರೆ ಆ ಕೃತಕ ಸುರುಳಿಯ ಬೆಲೆ ಸಿಗುತ್ತದೆ: ಒಂದು ಪಿಕೊಫ್ಯಾರಡ್ ಕೆಪಾಸಿಟರು ಮತ್ತು 100 ಮೈಕ್ರೊಸೀಮೆನ್ಸ್‌ನ ಟ್ರಾನ್ಸ್‌ಕಂಡಕ್ಟರುಗಳಿಂದ 100 ಮೈಕ್ರೊಹೆನ್ರಿಯ ಸುರುಳಿ ಹುಟ್ಟುತ್ತದೆ. ಕೈಯಲ್ಲಿ ಹಿಡಿದು ಸುತ್ತಬೇಕಾದ ತಂತಿಯ ಉಂಡೆಯೊಂದು ಕೂದಲೆಳೆಯ ಅಗಲದ ಜಾಗದಲ್ಲಿ, ತಂತಿಯೇ ಇಲ್ಲದೆ ಅಡಗುತ್ತದೆ. ಹೀಗೆ ಟ್ರಾನ್ಸ್‌ಕಂಡಕ್ಟರು ಮತ್ತು ಕೆಪಾಸಿಟರುಗಳಿಂದಲೇ ಕಟ್ಟಿದ ಫಿಲ್ಟರಿನಲ್ಲಿ, ಯಾವ ಆವೃತ್ತಿಯಿಂದ ಮೇಲಕ್ಕೆ ತಡೆ ಆರಂಭವಾಗಬೇಕೆಂಬುದು ಇವೆರಡರ ಅನುಪಾತದಿಂದಲೇ ತೀರ್ಮಾನವಾಗುತ್ತದೆ. 100 ಮೈಕ್ರೊಸೀಮೆನ್ಸ್ ಮತ್ತು 10 ಪಿಕೊಫ್ಯಾರಡ್ ಇದ್ದರೆ ಆ ಗಡಿ ಸುಮಾರು 1.6 ಮೆಗಾಹರ್ಟ್ಸ್. ಗಡಿಯನ್ನು ಸರಿಸಬೇಕೆಂದರೆ ಟ್ರಾನ್ಸಿಸ್ಟರಿಗೆ ಕೊಡುವ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಿದರೆ ಸಾಕು.

ಆದರೆ ಸುರುಳಿಗೆ ಇಲ್ಲದ ಒಂದು ಹಸಿವು ಈ ಮಂಡಲಕ್ಕಿದೆ: ಅದು ಸದಾ ವಿದ್ಯುತ್ತನ್ನು ಬಯಸುತ್ತದೆ. ಈ ಹಸಿವಿಗೆ ಪ್ರಕೃತಿಯೇ ವಿಧಿಸಿದ ಕನಿಷ್ಠ ಮಿತಿಯೊಂದಿದೆ. ಕೋಣೆಯ ಉಷ್ಣತೆಯಲ್ಲಿ ಪ್ರತಿಯೊಂದು ಕೆಪಾಸಿಟರಿನಲ್ಲೂ ಎಲೆಕ್ಟ್ರಾನುಗಳ ಉಷ್ಣಚಲನೆಯಿಂದ ಸಣ್ಣ ನಡುಕವೊಂದು ಇದ್ದೇ ಇರುತ್ತದೆ. ಒಂದು ಪಿಕೊಫ್ಯಾರಡ್ ಕೆಪಾಸಿಟರಿನಲ್ಲಿ ಅದರ ಪ್ರಮಾಣ ಸುಮಾರು 64 ಮೈಕ್ರೊವೋಲ್ಟ್. ಸಂಕೇತವು ಈ ನಡುಕಕ್ಕಿಂತ ಎಷ್ಟು ಎತ್ತರದಲ್ಲಿರಬೇಕು ಎಂಬುದರ ಮೇಲೆ ಕೆಪಾಸಿಟರಿನ ಗಾತ್ರವೂ, ಅದನ್ನು ತುಂಬಿ ಖಾಲಿಮಾಡಲು ಬೇಕಾದ ಶಕ್ತಿಯೂ ನಿರ್ಧಾರವಾಗುತ್ತವೆ. ಸ್ವಿಟ್ಜರ್ಲೆಂಡಿನ ಎರಿಕ್ ವಿಟ್ಟೋಜ್ ಪ್ರಸಿದ್ಧಗೊಳಿಸಿದ ಲೆಕ್ಕದ ಪ್ರಕಾರ, ಒಂದು ಮೆಗಾಹರ್ಟ್ಸ್‌ನಲ್ಲಿ ಗದ್ದಲಕ್ಕಿಂತ ಹತ್ತು ಲಕ್ಷ ಪಟ್ಟು ಶಕ್ತಿಯುತವಾದ ಸಂಕೇತವನ್ನು ನಡೆಸಲು ಫಿಲ್ಟರಿನ ಒಂದೊಂದು ಮೆಟ್ಟಿಲಿಗೂ ಕನಿಷ್ಠ 33 ನ್ಯಾನೊವ್ಯಾಟ್ ಬೇಕೇ ಬೇಕು. ಯಾವ ವಸ್ತುವಿನಿಂದ ಟ್ರಾನ್ಸಿಸ್ಟರು ಮಾಡಿದರೂ ಇದು ತಪ್ಪದು. ನಿಜವಾದ ಫಿಲ್ಟರುಗಳು ಬಳಸುವುದು ಮೈಕ್ರೊವ್ಯಾಟ್‌ಗಳಿಂದ ಮಿಲಿವ್ಯಾಟ್‌ಗಳ ತನಕ. ಈ ಅಂತರದ ದೊಡ್ಡ ಪಾಲು, ಟ್ರಾನ್ಸಿಸ್ಟರಿನೊಳಗೇ ಅಡಗಿರುವ ಬೇಡದ ಕೆಪಾಸಿಟರುಗಳನ್ನು ತುಂಬುವುದಕ್ಕೆ, ವಕ್ರವಾಗುವ ಸಂಕೇತವನ್ನು ನೇರಗೊಳಿಸುವುದಕ್ಕೆ, ಪ್ರವಾಹವನ್ನು ಸ್ಥಿರವಾಗಿಡುವ ಪೂರಕ ಮಂಡಲಗಳಿಗೆ ಸೋರಿಹೋಗುತ್ತದೆ. ಇಂಗಾಲದ ನ್ಯಾನೊಕೊಳವೆಯ ಟ್ರಾನ್ಸಿಸ್ಟರು ಭರವಸೆ ಕೊಡುವುದು ಈ ಸೋರಿಕೆಯನ್ನು ತಡೆಯುವ ವಿಷಯದಲ್ಲಿ.

ನ್ಯಾನೊಕೊಳವೆ ಎಂದರೆ ಒಂದೇ ಪರಮಾಣುವಿನ ದಪ್ಪವಿರುವ ಇಂಗಾಲದ ಹಾಳೆಯನ್ನು ಚಾಪೆ ಸುತ್ತಿದಂತೆ ಸುತ್ತಿ ಅಂಚಿಗೆ ಅಂಚು ಬೆಸೆದ ರೂಪ. ಜಪಾನಿನ ಸುಕುಬಾದಲ್ಲಿರುವ ಎನ್‌ಇಸಿ ಪ್ರಯೋಗಾಲಯದ ಸುಮಿಯೊ ಇಜಿಮಾ 1991ರಲ್ಲಿ ಪದರ ಪದರವಾದ ಕೊಳವೆಗಳನ್ನು ಜಗತ್ತಿನ ಗಮನಕ್ಕೆ ತಂದರು. ಒಂದೇ ಪದರದ ಕೊಳವೆ 1993ರಲ್ಲಿ ಅವರಿಗೂ, ಐಬಿಎಂ ಸಂಸ್ಥೆಯ ತಂಡಕ್ಕೂ ಬೇರೆ ಬೇರೆಯಾಗಿ ದೊರಕಿತು. ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ: ಸಿ. ಎನ್. ಆರ್. ರಾವ್ ಅವರ ತಂಡವು ಕವಲೊಡೆದ ವೈ ಆಕಾರದ ಕೊಳವೆಗಳನ್ನು ರಾಸಾಯನಿಕವಾಗಿ ಬೆಳೆಸಿತು, ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಸಂಗಡಿಗರು ಕೊಳವೆಗಳ ಮೇಲೆ ದ್ರವ ಹರಿದರೆ ವೋಲ್ಟೇಜು ಹುಟ್ಟುವುದನ್ನು 2003ರಲ್ಲಿ ವರದಿಮಾಡಿದರು. ಇವು ಫಿಲ್ಟರಿನ ಕೆಲಸಗಳಲ್ಲವಾದರೂ ಈ ವಸ್ತುವಿನ ಪರಿಚಯ ಕನ್ನಡ ನಾಡಿಗೆ ಹೊಸದಲ್ಲ ಎಂಬುದನ್ನು ನೆನಪಿಸುತ್ತವೆ.

ಕೊಳವೆಯ ಗುಣವೆಲ್ಲ ಅದನ್ನು ಯಾವ ಓರೆಯಲ್ಲಿ ಸುತ್ತಲಾಗಿದೆ ಎಂಬುದರಲ್ಲಿದೆ. ಸುತ್ತುವ ದಿಕ್ಕನ್ನು ಎರಡು ಪೂರ್ಣಾಂಕಗಳ ಜೋಡಿಯಿಂದ ಗುರುತಿಸುತ್ತಾರೆ. ಅವೆರಡರ ವ್ಯತ್ಯಾಸವು ಮೂರರಿಂದ ಭಾಗವಾದರೆ ಕೊಳವೆ ಲೋಹದಂತೆ ವರ್ತಿಸುತ್ತದೆ, ಭಾಗವಾಗದಿದ್ದರೆ ಅರೆವಾಹಕ. (19, 0) ಎಂಬ ಕೊಳವೆಯ ಅಡ್ಡಳತೆ ಸುಮಾರು 1.5 ನ್ಯಾನೊಮೀಟರ್, ಅದು ಅರೆವಾಹಕವಾದ್ದರಿಂದ ಟ್ರಾನ್ಸಿಸ್ಟರಿಗೆ ಯೋಗ್ಯ. ಅದರ ನೆರೆಯ (18, 0) ಕೊಳವೆ ಒಂದು ಕೂದಲಿನ ಲಕ್ಷದೊಂದಂಶದಷ್ಟೂ ಭಿನ್ನವಾಗಿ ಕಾಣದಿದ್ದರೂ ಲೋಹದ ತಂತಿಯಂತೆ ವರ್ತಿಸುತ್ತದೆ. ಯಾವ ಆಯ್ಕೆಯೂ ಇಲ್ಲದೆ ಬೆಳೆಸಿದರೆ ಮೂರರಲ್ಲಿ ಒಂದು ಕೊಳವೆ ಲೋಹವೇ ಆಗುತ್ತದೆ. ಅರೆವಾಹಕ ಕೊಳವೆಗಳಲ್ಲಿಯೂ ಅಡ್ಡಳತೆ ಹೆಚ್ಚಿದಂತೆ ಟ್ರಾನ್ಸಿಸ್ಟರು ತೆರೆದುಕೊಳ್ಳಲು ಬೇಕಾದ ಹೊಸ್ತಿಲ ವೋಲ್ಟೇಜು ಕಡಿಮೆಯಾಗುತ್ತದೆ; (19, 0) ಕೊಳವೆಗೆ ಅದು ಸುಮಾರು 0.29 ವೋಲ್ಟ್. ಹೀಗಾಗಿ ಸಿಲಿಕಾನಿನಲ್ಲಿ ಬೇರೆ ವಸ್ತುಗಳನ್ನು ಬೆರೆಸಿ ಸಾಧಿಸುವ ಹೊಂದಾಣಿಕೆಯನ್ನು ಇಲ್ಲಿ ತಾತ್ವಿಕವಾಗಿ ಕೊಳವೆಯ ಅಡ್ಡಳತೆಯಿಂದಲೇ ಸಾಧಿಸಬಹುದು.

ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿಯೂ ಐಬಿಎಂನಲ್ಲಿಯೂ 1998ರಲ್ಲಿ ಮೊದಲ ಕೊಳವೆ ಟ್ರಾನ್ಸಿಸ್ಟರುಗಳು ಸಿದ್ಧವಾದವು. ಎರಡು ಲೋಹದ ತುದಿಗಳ ನಡುವೆ ಕೊಳವೆಯನ್ನು ಮಲಗಿಸಿ, ತೆಳುವಾದ ನಿರೋಧಕ ಪದರದ ಆಚೆ ಗೇಟ್ ಎಂಬ ಮೂರನೆಯ ತುದಿಯನ್ನಿಟ್ಟರೆ, ಗೇಟಿನ ವೋಲ್ಟೇಜು ಕೊಳವೆಯ ಪ್ರವಾಹವನ್ನು ನಲ್ಲಿಯ ತಿರುಪಿನಂತೆ ಹತೋಟಿಯಲ್ಲಿಡುತ್ತದೆ. ಕೊಳವೆ ಸಾಕಷ್ಟು ಚಿಕ್ಕದಾಗಿದ್ದರೆ ಎಲೆಕ್ಟ್ರಾನುಗಳು ಎಲ್ಲಿಯೂ ಎಡವದೆ ಈ ತುದಿಯಿಂದ ಆ ತುದಿಗೆ ಸಾಗುತ್ತವೆ. ಫಿಲ್ಟರಿನ ದೃಷ್ಟಿಯಿಂದ ಇದಕ್ಕಿಂತಲೂ ಬೆಲೆಯುಳ್ಳದ್ದು ಇನ್ನೊಂದು ಗುಣ. ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳಿಗಿಂತ ರಂಧ್ರಗಳು, ಅಂದರೆ ಎಲೆಕ್ಟ್ರಾನಿನ ತೆರವಿನಿಂದ ಉಂಟಾಗಿ ಧನ ವಿದ್ಯುದಂಶದಂತೆ ಚಲಿಸುವ ಸ್ಥಾನಗಳು, ಎರಡು ಮೂರು ಪಟ್ಟು ನಿಧಾನ. ಆದ್ದರಿಂದ ರಂಧ್ರಗಳಿಂದ ನಡೆಯುವ ಟ್ರಾನ್ಸಿಸ್ಟರನ್ನು ಅಷ್ಟೇ ಅಗಲವಾಗಿ ಮಾಡಬೇಕಾಗುತ್ತದೆ, ಅಗಲವಾದಷ್ಟೂ ಬೇಡದ ಕೆಪಾಸಿಟರು ದೊಡ್ಡದಾಗುತ್ತದೆ. ಕೊಳವೆಯಲ್ಲಾದರೋ ಎರಡರ ನಡೆಯೂ ಸಮಸಮ. ನೆದರ್ಲೆಂಡ್ಸಿನ ಬ್ರಾಮ್ ನೌಟಾ 1992ರಲ್ಲಿ ಪ್ರಕಟಿಸಿದ ಒಂದು ಟ್ರಾನ್ಸ್‌ಕಂಡಕ್ಟರು ಬರೀ ಇನ್ವರ್ಟರುಗಳಿಂದ, ಅಂದರೆ ಒಂದು ಎಲೆಕ್ಟ್ರಾನ್ ಟ್ರಾನ್ಸಿಸ್ಟರು ಮತ್ತು ಒಂದು ರಂಧ್ರ ಟ್ರಾನ್ಸಿಸ್ಟರಿನ ಜೋಡಿಗಳಿಂದ ಕಟ್ಟಿದ್ದು. ಅದರೊಳಗೆ ಸಂಕೇತ ತಂಗಿ ತಡವಾಗುವ ನಡುವಿನ ತಾಣಗಳೇ ಇಲ್ಲ, ಜೋಡಿಯ ಇಬ್ಬರೂ ಸರಿಸಮಾನರಾಗಿದ್ದಷ್ಟೂ ಅದರ ನಡೆ ನೇರವಾಗುತ್ತದೆ. ಎಲೆಕ್ಟ್ರಾನು ರಂಧ್ರಗಳ ಸಮಾನತೆಯನ್ನೇ ಹುಟ್ಟುಗುಣವಾಗಿ ಪಡೆದ ಕೊಳವೆಗೆ ಹೇಳಿ ಮಾಡಿಸಿದಂತಿರುವ ವಿನ್ಯಾಸವಿದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಳವೆಯ ಟ್ರಾನ್ಸಿಸ್ಟರು ಅಷ್ಟೇ ಪ್ರವಾಹದಲ್ಲಿ ಮಾಂತ್ರಿಕವಾಗಿ ಹೆಚ್ಚು ಸೀಮೆನ್ಸ್ ಕೊಡುತ್ತದೆ ಎಂಬ ಅಭಿಪ್ರಾಯ ಅಲ್ಲಲ್ಲಿ ಕಂಡುಬರುತ್ತದೆ, ಆದರೆ ಅದು ಪೂರ್ತಿ ಸರಿಯಲ್ಲ. ಹೊಸ್ತಿಲಿಗೂ ಕೆಳಗೆ, ಅತ್ಯಲ್ಪ ಪ್ರವಾಹದಲ್ಲಿ ನಡೆಯುವ ಇಂಥ ಯಾವುದೇ ಟ್ರಾನ್ಸಿಸ್ಟರಿಗೂ ಒಂದು ಆಂಪಿಯರಿಗೆ ಸುಮಾರು 38 ಸೀಮೆನ್ಸ್ ಎಂಬ ಮೇಲ್ಮಿತಿಯನ್ನು ಕೋಣೆಯ ಉಷ್ಣತೆಯೇ ಹಾಕಿದೆ, ಸಿಲಿಕಾನೂ ಅದನ್ನು ಬಹುಮಟ್ಟಿಗೆ ಮುಟ್ಟಬಲ್ಲದು. ವ್ಯತ್ಯಾಸವಿರುವುದು ವೇಗದಲ್ಲಿ: ಆ ಮಿತವ್ಯಯದ ನೆಲೆಯಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರು ತನ್ನದೇ ಕೆಪಾಸಿಟರುಗಳ ಭಾರದಿಂದ ನಿಧಾನವಾದರೆ, ಒಂದೂವರೆ ನ್ಯಾನೊಮೀಟರಿನ ಕೊಳವೆಗೆ ಆ ಭಾರ ಬಹಳ ಕಡಿಮೆ. ಕಡಿಮೆ ಪ್ರವಾಹ ಮತ್ತು ಹೆಚ್ಚು ಆವೃತ್ತಿ ಎರಡನ್ನೂ ಒಟ್ಟಿಗೆ ಪಡೆಯುವ ಸಾಧ್ಯತೆಯೇ ಕೊಳವೆಯ ನಿಜವಾದ ಕೊಡುಗೆ, ಉಳಿದ ಹೊಗಳಿಕೆಗಳೆಲ್ಲ ಇದರ ನಂತರ.

ಈ ವಿಷಯದಲ್ಲಿ ಪ್ರಕಟವಾಗಿರುವ ಫಿಲ್ಟರ್ ವಿನ್ಯಾಸಗಳಲ್ಲಿ ಬಹುಪಾಲು ಕಂಪ್ಯೂಟರಿನೊಳಗೆ ಹುಟ್ಟಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಿಯೆ ಡೆಂಗ್ ಮತ್ತು ಫಿಲಿಪ್ ವಾಂಗ್ 2007ರಲ್ಲಿ ರೂಪಿಸಿದ ಗಣಿತ ಮಾದರಿಯೊಂದನ್ನು ಮಂಡಲಗಳ ನಡವಳಿಕೆಯನ್ನು ಲೆಕ್ಕಹಾಕುವ ತಂತ್ರಾಂಶದಲ್ಲಿ ಅಳವಡಿಸಿಕೊಂಡು ವಿನ್ಯಾಸಕರು ಮೂರು ತಿರುಪುಗಳನ್ನು ತಿರುವುತ್ತಾರೆ: ಒಂದು ಟ್ರಾನ್ಸಿಸ್ಟರಿನಲ್ಲಿ ಎಷ್ಟು ಕೊಳವೆಗಳು, ಒಂದೊಂದರ ಅಡ್ಡಳತೆ ಎಷ್ಟು, ಕೊಳವೆಯಿಂದ ಕೊಳವೆಗೆ ಅಂತರ ಎಷ್ಟು. ಒಂದು ಕೊಳವೆ ಹತ್ತಾರು ಮೈಕ್ರೊಸೀಮೆನ್ಸ್ ಕೊಡುವುದರಿಂದ ಕೊಳವೆಗಳನ್ನು ಎಣಿಸಿಯೇ ಟ್ರಾನ್ಸ್‌ಕಂಡಕ್ಟರಿನ ಅನುಪಾತವನ್ನು ನಿಗದಿಪಡಿಸಬಹುದು. ತೀರ ಹತ್ತಿರ ಹತ್ತಿರ ಇಟ್ಟರೆ ಒಂದು ಕೊಳವೆ ಇನ್ನೊಂದಕ್ಕೆ ಗೇಟಿನ ಪ್ರಭಾವ ತಲುಪದಂತೆ ಮರೆಯಾಗುತ್ತದೆ, ತೀರ ದೂರವಿಟ್ಟರೆ ಜಾಗ ಮತ್ತು ಕೆಪಾಸಿಟರು ವ್ಯರ್ಥ. ತೆರೆಯ ಮೇಲೆ ಈ ಫಿಲ್ಟರುಗಳು ಸಿಲಿಕಾನಿನವನ್ನು ಸುಲಭವಾಗಿ ಹಿಂದಿಕ್ಕುತ್ತವೆ. ಆದರೆ ಅಲ್ಲಿ ಎಲ್ಲ ಕೊಳವೆಗಳೂ ಒಂದೇ ಅಡ್ಡಳತೆಯವು, ಒಂದೂ ಲೋಹವಲ್ಲ, ಎಲ್ಲವೂ ಸಮಾನ ಅಂತರದಲ್ಲಿ ಸಾಲುಗೂಡಿ ಮಲಗಿವೆ ಎಂಬ ಊಹೆ ಸಾಮಾನ್ಯವಾಗಿ ಇರುತ್ತದೆ ಎಂಬುದನ್ನು ಓದುಗರು ಮರೆಯಬಾರದು.

ಚಿಪ್ಪುಗಳನ್ನು ಕಟ್ಟುವ ನಿಜವಾದ ಬಿಲ್ಲೆಯ, ಅಂದರೆ ವೇಫರಿನ, ಮೇಲೆ ಪರಿಸ್ಥಿತಿ ಕಠಿಣ. ಟ್ರಾನ್ಸ್‌ಕಂಡಕ್ಟರಿನಲ್ಲಿ ಒಂದೇ ಒಂದು ಲೋಹದ ಕೊಳವೆ ಸೇರಿಕೊಂಡಿದೆ ಎಂದು ಭಾವಿಸಿದರೆ, ಅದು ಸುಮಾರು 10 ಕಿಲೊಓಮ್‌ನ ರೋಧಕದಂತೆ ಹೊರದಾರಿಗೆ ಅಡ್ಡಲಾಗಿ ಕೂರುತ್ತದೆ. 100 ಮೈಕ್ರೊಸೀಮೆನ್ಸ್‌ನ ಟ್ರಾನ್ಸ್‌ಕಂಡಕ್ಟರಿನ ವರ್ಧನೆ ಆಗ ಒಂದಕ್ಕೆ ಕುಸಿಯುತ್ತದೆ, ಅಂದರೆ ವರ್ಧನೆಯೇ ಇಲ್ಲವಾಗುತ್ತದೆ, ಕೃತಕ ಸುರುಳಿ ತೂತುಬಿದ್ದ ಬಿಂದಿಗೆಯಂತಾಗಿ ಫಿಲ್ಟರಿನ ಗಡಿ ಮಸುಕಾಗುತ್ತದೆ. ಡಿಜಿಟಲ್ ಮಂಡಲಗಳಿಗೆ ಇಂಥ ಕೊಳವೆಗಳನ್ನು ಸಹಿಸಿಕೊಳ್ಳುವ ದಾರಿ ಸಿಕ್ಕಿದೆ: ಸ್ಟ್ಯಾನ್‌ಫರ್ಡ್‌ನಲ್ಲಿ 2013ರಲ್ಲಿ 178 ಟ್ರಾನ್ಸಿಸ್ಟರುಗಳ ಸರಳ ಕಂಪ್ಯೂಟರನ್ನು ಕಟ್ಟಿದ ತಂಡದಲ್ಲಿದ್ದ ಮ್ಯಾಕ್ಸ್ ಶುಲಾಕರ್, ಮುಂದೆ ಎಂಐಟಿಯಲ್ಲಿ 2019ರಲ್ಲಿ ಸಂಗಡಿಗರೊಡನೆ 14,000ಕ್ಕೂ ಹೆಚ್ಚು ಕೊಳವೆ ಟ್ರಾನ್ಸಿಸ್ಟರುಗಳ 16 ಬಿಟ್ ಪ್ರೊಸೆಸರನ್ನು ತೋರಿಸಿದಾಗ, ಲೋಹದ ಕೊಳವೆಗಳಿಂದ ಹೆಚ್ಚು ಕೆಡುವ ಲಾಜಿಕ್ ಗೇಟುಗಳ ಜೋಡಣೆಗಳನ್ನೇ ವಿನ್ಯಾಸದಲ್ಲಿ ತಪ್ಪಿಸಿದ್ದರು. ಸೊನ್ನೆಯು ಸೊನ್ನೆಯಂತೆ, ಒಂದು ಒಂದರಂತೆ ಕಂಡರೆ ಸಾಕಾದ ಕಡೆ ಈ ಜಾಣ್ಮೆ ಫಲಿಸುತ್ತದೆ. ಪ್ರತಿ ಮೈಕ್ರೊವೋಲ್ಟಿಗೂ ಅರ್ಥವಿರುವ ಅನಲಾಗ್ ಮಂಡಲದಲ್ಲಿ ಲೋಹದ ಕೊಳವೆಯನ್ನು ಹೊರಗಿಡುವುದೇ ದಾರಿ. ಪೀಕಿಂಗ್ ವಿಶ್ವವಿದ್ಯಾಲಯದ ತಂಡವು 2020ರಲ್ಲಿ, ಅರೆವಾಹಕ ಕೊಳವೆಗಳಿಗೆ ಮಾತ್ರ ಚೆನ್ನಾಗಿ ಅಂಟುವ ಪಾಲಿಮರುಗಳಿಂದ ದ್ರಾವಣದಲ್ಲಿ ಮತ್ತೆ ಮತ್ತೆ ಬೇರ್ಪಡಿಸಿ, ಶೇಕಡಾ 99.9999ಕ್ಕೂ ಮೀರಿದ ಶುದ್ಧತೆಯನ್ನು ಮುಟ್ಟಿ, ಮೈಕ್ರೊಮೀಟರಿಗೆ 100ರಿಂದ 200 ಕೊಳವೆಗಳನ್ನು ಸಾಲಾಗಿ ಮಲಗಿಸಿತು. ಹತ್ತು ಲಕ್ಷಕ್ಕೆ ಒಂದು ಎಂಬ ಈ ಪ್ರಮಾಣ ಫಿಲ್ಟರಿಗೆ ಸಾಕು, ಏಕೆಂದರೆ ಫಿಲ್ಟರಿನಲ್ಲಿರುವ ಟ್ರಾನ್ಸಿಸ್ಟರುಗಳು ಕೆಲವು ಹತ್ತುಗಳು ಮಾತ್ರ.

ಎಣಿಕೆಯ ಏರುಪೇರು ಇನ್ನೂ ಮೊಂಡು ಸಮಸ್ಯೆ. ಕೊಳವೆಗಳು ಎಲ್ಲೆಂದರಲ್ಲಿ ಬೀಳುವುದಾದರೆ, ಸರಾಸರಿ 25 ಕೊಳವೆಗಳಿರಬೇಕಾದ ಟ್ರಾನ್ಸಿಸ್ಟರಿನಲ್ಲಿ ಐದು ಹೆಚ್ಚೋ ಕಡಿಮೆಯೋ ಆಗುವುದು ಸಾಮಾನ್ಯ, ಅಂದರೆ ಫಿಲ್ಟರಿನ ಗಡಿಯಲ್ಲಿ ಶೇಕಡಾ 20ರಷ್ಟು ಓಲಾಟ. ಇಡೀ ಚಿಪ್ಪಿನಲ್ಲಿ ಎಲ್ಲ ಟ್ರಾನ್ಸಿಸ್ಟರುಗಳೂ ಒಟ್ಟಿಗೆ ಹೆಚ್ಚು ಕಡಿಮೆಯಾದರೆ ಅದನ್ನು ತಿದ್ದಲು ಹಳೆಯ ಉಪಾಯವಿದೆ; ಕ್ವಾರ್ಟ್ಸ್ ಹರಳಿನ ಕರಾರುವಾಕ್ಕಾದ ಲಯಕ್ಕೆ ಒಂದು ಮಾದರಿ ಮಂಡಲವನ್ನು ಹೊಂದಿಸಿ, ಅದಕ್ಕೆ ಬೇಕಾದ ಪ್ರವಾಹವನ್ನೇ ಫಿಲ್ಟರಿಗೂ ಕೊಟ್ಟರಾಯಿತು. ಆದರೆ ಅಕ್ಕಪಕ್ಕದ ಎರಡು ಟ್ರಾನ್ಸಿಸ್ಟರುಗಳೇ ಪರಸ್ಪರ ಭಿನ್ನವಾದರೆ ಈ ಉಪಾಯ ನಿಲ್ಲುವುದಿಲ್ಲ, ಕೊಳವೆಗಳ ಸಂಖ್ಯೆಯನ್ನು ನೂರಾರಕ್ಕೆ ಏರಿಸಿ ಸರಾಸರಿಯ ಆಸರೆ ಪಡೆಯಬೇಕು, ಆಗ ಉಳಿಸಿದ ಪ್ರವಾಹದ ಒಂದಿಷ್ಟು ಭಾಗ ಕೈಬಿಟ್ಟುಹೋಗುತ್ತದೆ.

ಮೂರನೆಯ ತೊಡಕು ಗದ್ದಲದ್ದು. ಏಕಪದರದ ಕೊಳವೆಯಲ್ಲಿ ಒಳಗು ಎಂಬುದೇ ಇಲ್ಲ, ಪ್ರತಿಯೊಂದು ಪರಮಾಣುವೂ ಮೇಲ್ಮೈಯಲ್ಲೇ ಇದೆ. ಆದ್ದರಿಂದ ಪಕ್ಕದ ನಿರೋಧಕ ಪದರದಲ್ಲಿ ಒಂದು ವಿದ್ಯುದಂಶ ಸಿಕ್ಕಿಬಿದ್ದರೂ, ನೀರಿನ ಒಂದು ಅಣು ಬಂದು ಕೂತರೂ ಪ್ರವಾಹ ನಡುಗುತ್ತದೆ. ಆವೃತ್ತಿ ಕಡಿಮೆಯಾದಷ್ಟೂ ಹೆಚ್ಚುವ ಈ ಗದ್ದಲವು ಕೊಳವೆಗಳಲ್ಲಿ ಜೋರಾಗಿದೆ ಎಂಬುದು 2000ದಿಂದಲೇ ಗೊತ್ತಿದೆ. ವಾಹಿನಿಯನ್ನು ಸೊನ್ನೆ ಆವೃತ್ತಿಯ ಪಕ್ಕಕ್ಕೇ ಇಳಿಸಿ ಸೋಸುವ ಗ್ರಾಹಕಗಳಿಗೆ ಇದು ನೇರ ಪೆಟ್ಟು; ಕೆಲವು ಮೆಗಾಹರ್ಟ್ಸ್ ಎತ್ತರದ ನಡುನೆಲೆಯಲ್ಲೇ ಸೋಸುವ ವಿನ್ಯಾಸಗಳು ಕೊಳವೆಗೆ ಹೆಚ್ಚು ಒಗ್ಗುತ್ತವೆ. ಸಮಾಂತರವಾಗಿ ಹೆಚ್ಚು ಕೊಳವೆಗಳಿದ್ದರೆ ಗದ್ದಲ ತಗ್ಗುವುದರಿಂದ, ಎಣಿಕೆಯ ಏರುಪೇರಿಗೂ ಇದಕ್ಕೂ ಮದ್ದು ಒಂದೇ.

ಇಷ್ಟಾದರೂ ಕೊಳವೆಗಳು ರೇಡಿಯೊ ಕೇಳಿಸಿದ್ದು ಊಹೆಯಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಅವರ ತಂಡವು ವರ್ಧಕ, ಮಿಕ್ಸರುಗಳಿಗೆಲ್ಲ ಕೊಳವೆ ಟ್ರಾನ್ಸಿಸ್ಟರುಗಳನ್ನೇ ಬಳಸಿ ಕಟ್ಟಿದ ರೇಡಿಯೊವನ್ನು 2008ರಲ್ಲಿ ಪ್ರಕಟಿಸಿತು, ಬಾಲ್ಟಿಮೋರ್ ನಗರದ ಕೇಂದ್ರವೊಂದರ ಸಂಚಾರ ವರದಿ ಅದರಲ್ಲಿ ಕೇಳಿಬಂತು. 2019ರಲ್ಲಿ ಬಿಲ್ಲೆಯ ಮೇಲಿನ ಸಾಲು ಕೊಳವೆಗಳ ಟ್ರಾನ್ಸಿಸ್ಟರುಗಳು 100 ಗಿಗಾಹರ್ಟ್ಸ್ ದಾಟಿದವು. 2020ರಲ್ಲಿ ಎಂಐಟಿಯ ತಂಡವು 200 ಮಿಲಿಮೀಟರಿನ ಬಿಲ್ಲೆಗಳ ಮೇಲೆ, ಸಿಲಿಕಾನ್ ಚಿಪ್ಪುಗಳನ್ನು ಮಾಡುವ ವಾಣಿಜ್ಯ ಕಾರ್ಖಾನೆಗಳಲ್ಲೇ ಕೊಳವೆ ಟ್ರಾನ್ಸಿಸ್ಟರುಗಳನ್ನು ತಯಾರಿಸಿತು. ಸಿಲಿಕಾನ್ ಟ್ರಾನ್ಸಿಸ್ಟರು ಮಾಡಲು ಸಾವಿರ ಡಿಗ್ರಿಯ ಆಸುಪಾಸಿನ ಕಾವು ಬೇಕು, ಕೊಳವೆಯನ್ನು ಹಾಸಿ ಮುಗಿಸಲು 400 ಡಿಗ್ರಿಗಿಂತ ಕಡಿಮೆ ಸಾಕು. ಆದ್ದರಿಂದ ಸಿದ್ಧವಾದ ಸಿಲಿಕಾನ್ ಚಿಪ್ಪಿನ ಮೇಲೆ ಅದರ ತಂತಿಗಳಿಗೆ ಹಾನಿಯಾಗದಂತೆ ಇನ್ನೊಂದು ಮಹಡಿಯಾಗಿ ಕೊಳವೆಗಳನ್ನು ಕಟ್ಟಬಹುದು, 2017ರ ಒಂದು ಪ್ರಯೋಗದಲ್ಲಿ ಹಾಗೆ 20 ಲಕ್ಷಕ್ಕೂ ಹೆಚ್ಚು ಕೊಳವೆ ಟ್ರಾನ್ಸಿಸ್ಟರುಗಳನ್ನು ಅನಿಲಗಳನ್ನು ಗ್ರಹಿಸುವುದಕ್ಕಾಗಿ ಕಟ್ಟಿಯೂ ಇದ್ದರು. ಕೊಳವೆಯ ಫಿಲ್ಟರಿಗೆ ಸಹಜವಾದ ನೆಲೆ ಆ ಮೇಲಿನ ಮಹಡಿ: ಸಂಕೇತವು ಅಲ್ಲಿ ಕೊಳವೆಗಳ ನಡುವೆ ಸೋಸಿಕೊಂಡು, ಕೆಲವೇ ಮೈಕ್ರೊಮೀಟರ್ ಕೆಳಗಿರುವ ಸಿಲಿಕಾನಿಗೆ ಇಳಿದು, ಅಲ್ಲಿ ಮೊದಲ ಬಾರಿಗೆ ಅಂಕಿಯಾಗುತ್ತದೆ.